ಓದುಗರ ಪ್ರಶ್ನೆ, ಅಕ್ಕೋರ ಉತ್ತರ: ಇಡೀ ಪುಸ್ತಕವನ್ನೇ ಕೊಡಿ

ಹೈಸ್ಕೂಲು ಮಕ್ಕಳ ಓದಿನ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ತಿಂಗಳು ಹೇಳಿದ್ದೆ. ತುಂಬಾ ಕಾಗದ ಬಂದಿವೆ. ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಹೊಸಬರಿಗೆ ಒಂದು ಮಾತು: ನಾನು ಕುಮಟಾ ಮತ್ತು ಶಿರಸಿ ಕಡೆಯ ಹೈಸ್ಕೂಲುಗಳಲ್ಲಿ 31 ವರ್ಷ ಕನ್ನಡ ಕಲಿಸಿದವಳು. ಈಗ ನಿವೃತ್ತಿಯಾಗಿದೆ. ಭಾನುವಾರ ಬೆಳಿಗ್ಗೆ ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಏಳೆಂಟು ಮಕ್ಕಳು ಕೂತು ಪುಸ್ತಕ ಓದುತ್ತಾರೆ. ಅವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ‘ಓದಲು ಬಾರದವರು’ ಎಂದು ಹೆಸರಾದವರು.

ಪ್ರಶ್ನೆ: ಅಕ್ಕೋರೇ, ನನ್ನ ಮಗ ಒಂಬತ್ತನೇ ಕ್ಲಾಸು. ಗಟ್ಟಿಯಾಗಿ ಓದು ಅಂದರೆ ಒಂದು ಪುಟ ಓದುತ್ತಾನೆ. ಏನು ಓದಿದೆ ಅಂತ ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಾನೆ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಟ್ಯೂಷನ್‌ಗೆ ಹಾಕಲಾ?
(ಅಂಕೋಲೆಯ ಒಬ್ಬ ತಾಯಿ)

ಈಗಲೇ ಟ್ಯೂಷನ್ ಬೇಡ ತಂಗಿ. ತೊಡಕು ಎಲ್ಲಿದೆ ಎಂದು ಮೊದಲು ನೋಡೋಣ. ಅದಕ್ಕೆ ಒಂದು ಸಂಜೆ ಸಾಕು. ಅವನಿಗೆ ಗೊತ್ತಿಲ್ಲದ ಒಂದು ಕಥೆ ತೆಗೆದುಕೊಳ್ಳಿ. ಮೊದಲ ಪುಟ ಅವನು ಓದಲಿ. ಎರಡನೇ ಪುಟ ನೀವು ಓದಿ, ಅವನು ಕೇಳಲಿ. ಎರಡೂ ಸಲ ಪುಸ್ತಕ ಮುಚ್ಚಿ ‘ಏನಾಯ್ತು ಹೇಳು’ ಅನ್ನಿ. ಕೊಂಕಣಿಯಲ್ಲಿ ಹೇಳಿದರೂ ಆಯಿತು. ಅವನಿಗೆ ತಿಳಿಯಿತಾ ಎನ್ನುವುದಷ್ಟೇ ನಮಗೆ ಬೇಕಾಗಿರುವುದು.

ಕೇಳಿದ ಪುಟವನ್ನು ಚೆನ್ನಾಗಿ ಹೇಳಿ, ತಾನೇ ಓದಿದ ಪುಟದಲ್ಲಿ ತಡವರಿಸಿದರೆ ಅವನ ಶಕ್ತಿಯನ್ನೆಲ್ಲ ಅಕ್ಷರಗಳೇ ತಿನ್ನುತ್ತಿವೆ ಎಂದರ್ಥ. ಕನ್ನಡದ ವರ್ಣಮಾಲೆ ಐವತ್ತರ ಹತ್ತಿರವೇ ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಹೈಸ್ಕೂಲಿಗೆ ಬಂದರೂ ‘ಸ್ವಾತಂತ್ರ್ಯ’, ‘ಉತ್ಪ್ರೇಕ್ಷೆ’ಯಂಥ ಶಬ್ದದಲ್ಲಿ ನಿಂತುಬಿಡುವ ಮಕ್ಕಳು ಬಹಳ. ಆ ಒಂದು ಶಬ್ದ ಬಿಡಿಸುವಷ್ಟರಲ್ಲಿ ವಾಕ್ಯದ ಮೊದಲ ಅರ್ಧ ಮರೆತುಹೋಗಿರುತ್ತದೆ. ಇದಕ್ಕೆ ಮದ್ದು ಇದೆ. ದಿನಾ ಹತ್ತು ನಿಮಿಷ, ಒಂದೇ ಪುಟವನ್ನು ಮೂರು ನಾಲ್ಕು ದಿನ ಓದಿಸಿ. ಮೊದಲು ನೀವು ಓದಿ, ಅವನ ಬೆರಳು ಸಾಲಿನ ಮೇಲೆ ನಿಮ್ಮ ದನಿಯ ಜೊತೆ ಹೋಗಲಿ. ಆಮೇಲೆ ಇಬ್ಬರೂ ಕೂಡಿ ಓದಿ. ಕೊನೆಗೆ ಅವನೊಬ್ಬನೇ ಓದಲಿ. ನಾಲ್ಕನೇ ದಿನ ಅವನ ದನಿ ಬದಲಾಗಿದ್ದು ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಎರಡೂ ಪುಟ ತಿಳಿಯಲಿಲ್ಲ ಅಂದರೆ ಸಂಗತಿ ಬೇರೆ. ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಓದನ್ನು ಗುಣಾಕಾರದ ಲೆಕ್ಕದ ಹಾಗೆ ಹೇಳಿದರು. ಅಕ್ಷರ ಬಿಡಿಸುವ ಶಕ್ತಿ ಒಂದು ಕಡೆ, ಮಾತು ಅರ್ಥವಾಗುವ ಶಕ್ತಿ ಇನ್ನೊಂದು ಕಡೆ. ಎರಡನ್ನೂ ಗುಣಿಸಬೇಕು, ಕೂಡುವುದಲ್ಲ. ಒಂದು ಸೊನ್ನೆಯಾದರೆ ಉತ್ತರವೇ ಸೊನ್ನೆ. ನಿಮ್ಮ ಮಗ ಪುಟ ಓದುತ್ತಾನೆ ಎಂದು ಬರೆದಿದ್ದೀರಿ. ಹಾಗಾಗಿ ನನಗೆ ಅನಿಸುವುದು, ಅವನಿಗೆ ಪುಸ್ತಕದ ಕನ್ನಡ ಕಿವಿಗೆ ಬಿದ್ದದ್ದು ಕಡಿಮೆ. ಓದಿ ಹೇಳಿ. ನಡುವೆ ನಿಲ್ಲಿಸಿ ಕೊಂಕಣಿಯಲ್ಲೇ ಮಾತಾಡಿ. ಕೊಂಕಣಿಯಲ್ಲಿ ತಿಳಿದದ್ದು ಕನ್ನಡಕ್ಕೆ ದಾಟಿ ಬರುತ್ತದೆ. ಮನೆಮಾತು ಬಿಡಿಸಿದರೆ ಓದು ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಇನ್ನೊಂದು. ಅವನಿಗೆ ಗೊತ್ತಿರುವ ಲೋಕದ ಪುಸ್ತಕದಿಂದ ಶುರು ಮಾಡಿ. ಕುಮಟಾ ಕಡೆ ಇದ್ದಾಗ ಮೀನುಗಾರರ ಮನೆಯ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಪಾಠ ಓದಲು ನಿಲ್ಲಿಸಿದರೆ ಕುತ್ತಿಗೆಯೆಲ್ಲ ಬೆವರುತ್ತಿತ್ತು. ಒಂದು ದಿನ ರಂಪಣಿ ಬಲೆಯ (ದಡದಲ್ಲಿ ಸಾಲಾಗಿ ನಿಂತು ಹಗ್ಗದಿಂದ ಎಳೆಯುವ ದೊಡ್ಡ ಬಲೆ) ಬಗ್ಗೆ ಪೇಪರಿನಲ್ಲಿ ಬಂದ ಬರಹವನ್ನು ಅವನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದ, ಕೊನೆಯವರೆಗೂ ಓದಿದ. ಆಮೇಲೆ ತಲೆ ಎತ್ತಿ, ‘ಅಕ್ಕೋರೇ, ಇದರಲ್ಲಿ ಒಂದು ಬಿಟ್ಟಿದ್ದಾರೆ. ಹಗ್ಗ ಎಳೆಯುವಾಗ ಸಾಲಿನ ಕೊನೆಯವನು ಹಗ್ಗ ಬಿಟ್ಟು ಮತ್ತೆ ನೀರಿನ ಹತ್ತಿರ ಓಡಿಬಂದು ಮುಂದೆ ಹಿಡಿಯಬೇಕು. ಅದನ್ನು ಬರೆದೇ ಇಲ್ಲ’ ಎಂದ. ಬರೆದವರು ಏನು ಬಿಟ್ಟಿದ್ದಾರೆ ಎಂದು ಹೇಳುವವನಿಗೆ ಓದು ಬಾರದು ಎಂದು ನಾನು ಹೇಗೆ ಹೇಳಲಿ? ಅಮೆರಿಕದಲ್ಲಿ 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬವರು ಬೇಸ್‌ಬಾಲ್ ಆಟದ ಒಂದು ಬರಹ ಕೊಟ್ಟು 64 ಮಕ್ಕಳನ್ನು ಪರೀಕ್ಷಿಸಿದ್ದರು. ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಜಾಸ್ತಿ ನೆನಪಿಟ್ಟಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಈ ಹುಡುಗನೇ.

ಪ್ರಶ್ನೆ: ನಾನು ಮೂರು ವರ್ಷದಿಂದ ಕನ್ನಡ ಮಾಸ್ತರ. ಒಂಬತ್ತನೇ ಕ್ಲಾಸಿನಲ್ಲಿ 28 ಮಕ್ಕಳು, ಹತ್ತು ಮಂದಿಗೆ ಓದು ಬಹಳ ಕಷ್ಟ. ಒಂದು ಇಡೀ ಕಾದಂಬರಿ ಓದಿಸಬೇಕು ಅಂತ ಆಸೆ. ‘ಪಾಠವೇ ಓದದವರು ಕಾದಂಬರಿ ಓದ್ತಾರಾ’ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಚರ್ಚೆ ಮಾಡೋಣ ಅಂದರೆ ಮಕ್ಕಳು ತಲೆ ತಗ್ಗಿಸುತ್ತಾರೆ. ಏನು ಮಾಡಲಿ?
(ಸಿದ್ದಾಪುರ ತಾಲೂಕಿನ ಒಬ್ಬ ಶಿಕ್ಷಕ)

ಮಾಡಿ ಮಾಸ್ತರೇ. ಆ ಹತ್ತು ಮಂದಿಗಾಗಿಯೇ ಮಾಡಿ. ನಿಮ್ಮ ಕಾಗದ ಓದಿ ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಇದೇ ವಿಷಯದಲ್ಲಿ ನಾನು ಒಂದು ವರ್ಷ ದೊಡ್ಡ ತಪ್ಪು ಮಾಡಿದ್ದೇನೆ.

ನೌಕರಿಯ ಮೊದಲ ವರ್ಷಗಳು. ಒಂದು ಸಣ್ಣ ಕಾದಂಬರಿ ತೆಗೆದುಕೊಂಡೆ. ಮಕ್ಕಳಿಗೆ ಕಷ್ಟವಾಗಬಾರದು ಎಂದು ದಿನಕ್ಕೆ ಎರಡೇ ಪುಟ ಓದಿಸಿದೆ. ಪ್ರತಿ ಎರಡು ಪುಟಕ್ಕೆ ಕಠಿಣ ಪದಗಳು, ಬಿಟ್ಟ ಸ್ಥಳ, ಒಂದು ವಾಕ್ಯದ ಉತ್ತರ. ನೋಟ್ಸು ಮುತ್ತಿನ ಹಾಗೆ ಬರೆಸಿದೆ. ಮೂರು ತಿಂಗಳಾದರೂ ಪುಸ್ತಕ ಮುಗಿಯಲಿಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗನಿಗೆ, ‘ಆ ಮುದುಕ ಮನೆ ಬಿಟ್ಟು ಯಾಕೆ ಹೋದ?’ ಎಂದು ಕೇಳಿದೆ. ಹುಡುಗ ನೋಟ್ಸು ತಿರುವಿದ. ತಿರುವುತ್ತಲೇ, ‘ಅಕ್ಕೋರೇ, ಅದು ಆರನೇ ಪ್ರಶ್ನೆ ಉತ್ತರವಾ?’ ಎಂದ. ಅವನಿಗೆ ಮುದುಕ ಇರಲೇ ಇಲ್ಲ. ಮನೆಯೂ ಇರಲಿಲ್ಲ. ಆರನೇ ಪ್ರಶ್ನೆ ಇತ್ತು, ಅಷ್ಟೇ. ಕಥೆಯನ್ನು ಕೊಚ್ಚಿ ಕೊಚ್ಚಿ ಕೊಟ್ಟು, ಅದರಲ್ಲಿ ಜೀವ ಇಲ್ಲದ ಹಾಗೆ ಮಾಡಿದವಳು ನಾನು.

ಮೆಲ್ಲ ಓದುವ ಮಗುವಿಗೆ ಪುಸ್ತಕವನ್ನೂ ಮೆಲ್ಲ ಕೊಡಬೇಕು ಎಂದು ನಮಗೆಲ್ಲ ಅನಿಸುತ್ತದೆ, ಅಲ್ವಾ? ಆದರೆ ನಿಧಾನದಿಂದ ಜಾಸ್ತಿ ಪೆಟ್ಟು ತಿನ್ನುವುದು ಅದೇ ಮಗು. ಸೋಮವಾರ ಬಂದ ಪಾತ್ರವನ್ನು ಅದು ಶುಕ್ರವಾರಕ್ಕೆ ಮರೆತಿರುತ್ತದೆ. ಇಂಗ್ಲೆಂಡಿನಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 20 ಶಿಕ್ಷಕರು, 12–13 ವಯಸ್ಸಿನ ಮಕ್ಕಳು. 12 ವಾರದಲ್ಲಿ ಎರಡು ಇಡೀ ಕಾದಂಬರಿಗಳನ್ನು ಒಂದರ ಹಿಂದೆ ಒಂದು, ತರಗತಿಯಲ್ಲೇ ಗಟ್ಟಿಯಾಗಿ, ಬೇಗ ಬೇಗ ಓದಿಸಿದರು. ಆಮೇಲೆ ಅಳೆದರೆ ತರಗತಿಯ ಓದು ಸರಾಸರಿ ಎಂಟೂವರೆ ತಿಂಗಳಷ್ಟು ಮುಂದೆ ಹೋಗಿತ್ತು. ಓದಿನಲ್ಲಿ ಹಿಂದಿದ್ದ ಮಕ್ಕಳು 16 ತಿಂಗಳಷ್ಟು ಮುಂದೆ ಬಂದಿದ್ದರು. 2019ರಲ್ಲಿ ಅಚ್ಚಾದ ಸಂಗತಿ. ಸ್ಟಾಫ್ ರೂಮಿನಲ್ಲಿ ಈ ಲೆಕ್ಕ ಹೇಳಿ.

ನನಗೆ ಮಾತ್ರ ಇದಕ್ಕೆ ಸಾಕ್ಷಿ ನಮ್ಮ ಮನೆಯಲ್ಲೇ ಇತ್ತು. ಚಿಕ್ಕಂದಿನಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಂಗಳದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿ ಕೂತಿರುತ್ತಿದ್ದರು. ದೊಡ್ಡಪ್ಪ ಲಾಟೀನಿನ ಹತ್ತಿರ ಕೂತು ಕಾದಂಬರಿ ಓದುತ್ತಿದ್ದ. ಸುಲಿಯುವವರಲ್ಲಿ ಅರ್ಧ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮರುದಿನ ತೋಟದಲ್ಲಿ ಅವರು ಆ ಕಥೆಯ ಹೆಂಗಸು ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳಕ್ಕೇ ಬೀಳುತ್ತಿದ್ದರು. ಇಡೀ ಪುಸ್ತಕ ಅವರ ತಲೆಯಲ್ಲಿತ್ತು.

ಹಾಗಾಗಿ ಮಾಸ್ತರೇ, ನೀವೇ ಗಟ್ಟಿಯಾಗಿ ಓದಿ. ಚೆನ್ನಾಗಿ ಓದುವ ಮಕ್ಕಳೂ ಸರದಿಯಲ್ಲಿ ಓದಲಿ. ಆ ಹತ್ತು ಮಂದಿಯನ್ನು ಮುನ್ಸೂಚನೆ ಇಲ್ಲದೆ ಎಬ್ಬಿಸಿ ಓದಿಸಬೇಡಿ. ನಾಳೆ ಈ ಅರ್ಧ ಪುಟ ನಿನ್ನದು ಎಂದು ಇವತ್ತೇ ಹೇಳಿ. ಮನೆಯಲ್ಲಿ ನಾಲ್ಕು ಸಲ ಓದಿಕೊಂಡು ಬರಲಿ. ಪುಸ್ತಕ ಮೂವರಿಗೆ ಒಂದು ಇದ್ದರೆ ನಡೆಯುತ್ತದೆ, ಕಣ್ಣು ಸಾಲಿನ ಮೇಲೆ ಇದ್ದರಾಯಿತು. ಹತ್ತು ಪ್ರತಿ ಬೇಕು. ಪಂಚಾಯತಿ ಗ್ರಂಥಾಲಯ, ಊರಿನ ಮನೆಗಳ ಅಟ್ಟ, ಹಳೆಯ ವಿದ್ಯಾರ್ಥಿಗಳು, ಎಲ್ಲ ಕಡೆ ಕೇಳಿ. ಪೀರಿಯಡ್ಡಿಗೆ ಎಂಟು ಹತ್ತು ಪುಟ ಸಾಗಲಿ. ಮೊದಲ ದಿನ ಲೇಖಕರ ಪರಿಚಯ, ಪ್ರಶಸ್ತಿಗಳು, ಕಾದಂಬರಿಯ ಆಶಯ, ಇದ್ಯಾವುದೂ ಬೇಡ. ಕಠಿಣ ಪದ ಬಂದರೆ ಅಲ್ಲೇ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿ. ನಿಲ್ಲಿಸುವುದು ಅಧ್ಯಾಯ ಮುಗಿದಲ್ಲಿ ಅಲ್ಲ, ‘ಮುಂದೇನಾಯ್ತು’ ಎಂದು ಮಕ್ಕಳು ಕೂಗುವಲ್ಲಿ.

ಯಾವ ಪುಸ್ತಕ ಅಂತ ನೀವು ಕೇಳಿಲ್ಲ. ಸಿದ್ದಾಪುರದ ಮಕ್ಕಳಿಗೆ ನಾನಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಡುತ್ತೇನೆ. 1980ರ ಕಾದಂಬರಿ, ದಪ್ಪ ಇಲ್ಲ, ಜೇನು ಇದೆ, ನಾಯಿ ಇದೆ, ಕಾಡಿದೆ. ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ. ಹೋದ ವರ್ಷ ಜಗಲಿಯಲ್ಲಿ ಅದನ್ನು ಓದುತ್ತಿದ್ದೆವು. ಕಿಟಕಿಯ ಪಕ್ಕ ಕೂರುವ ಒಬ್ಬ ಹುಡುಗಿ ಇದ್ದಾಳೆ. ಆರು ತಿಂಗಳಿಂದ ಬರುತ್ತಿದ್ದಳು, ಹೂಂ ಉಹೂಂ ಬಿಟ್ಟು ಬೇರೆ ಮಾತಿಲ್ಲ. ಓತಿಯ ಸುದ್ದಿ ಬಂದ ದಿನ ಅವಳು ನಡುವೆಯೇ, ‘ಅದು ನಮ್ಮ ತೋಟದಲ್ಲಿದೆ’ ಎಂದಳು. ಎಲ್ಲರೂ ತಿರುಗಿದರು. ‘ಅಡಿಕೆ ಮರದ ತೊಗಟೆಯ ಬಣ್ಣವೇ. ಕೂತರೆ ಕಾಣೋದಿಲ್ಲ. ಗಂಟಲಿಂದ ಹಳದಿ ಚೀಲದಂಥದ್ದು ಹೊರಗೆ ಬಿಟ್ಟು ಒಳಗೆ ಎಳ್ಕೊಳ್ತದೆ. ಆಗ ಗೊತ್ತಾಗ್ತದೆ. ಈ ಮರದಿಂದ ಆ ಮರಕ್ಕೆ ಜಾರಿದ ಹಾಗೆ ಹಾರ್ತದೆ.’ ಹೇಳುವಾಗ ಅವಳ ಕೈ ಗಂಟಲ ಹತ್ತಿರ ಹೋಗಿ, ಬೆರಳು ಅಗಲವಾಗಿ, ಮತ್ತೆ ಮುಚ್ಚುತ್ತಿತ್ತು. ಆಮೇಲೆ ಅವಳೇ ಕೇಳಿದಳು: ‘ನಮ್ಮ ತೋಟದಲ್ಲಿ ದಿನಾ ಕಾಣೋದನ್ನ ಇವರು ಇಷ್ಟು ದೊಡ್ಡದು ಅಂತ ಯಾಕೆ ಹುಡುಕ್ತಾರೆ?’ ಆ ಒಂದು ಪ್ರಶ್ನೆ ಮೂರು ಭಾನುವಾರ ನಡೆಯಿತು. ನಾನು ಕೇಳಬಹುದಾಗಿದ್ದ ಯಾವ ಪ್ರಶ್ನೆಯೂ ಅದರ ಸಮಕ್ಕೆ ನಿಲ್ಲುತ್ತಿರಲಿಲ್ಲ.

ಇನ್ನು ಚರ್ಚೆ. ನಮ್ಮ ಜಿಲ್ಲೆಯವರಿಗೆ ಇದನ್ನು ಹೊರಗಿನಿಂದ ಕಲಿಯುವ ಅಗತ್ಯವೇ ಇಲ್ಲ. ಯಕ್ಷಗಾನವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆ ಇದೆಯಲ್ಲ! ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರು ಬದುರು ಕೂತವರು ‘ಅರ್ಥ’ ಹೇಳುತ್ತಾರೆ. ನಾವು ಆ ಮಾತಿಗೆ ಅರ್ಥ ಎಂದೇ ಹೆಸರಿಟ್ಟಿದ್ದೇವೆ ನೋಡಿ. ಅರ್ಥ ಪದ್ಯದೊಳಗೆ ಸಿದ್ಧವಾಗಿ ಕೂತಿಲ್ಲ, ಹೇಳುವವನ ಬಾಯಲ್ಲಿ, ಎದುರಿನವನ ಮರುಮಾತಿನಲ್ಲಿ ಅದು ಹುಟ್ಟುತ್ತದೆ. ನಾನು ಕ್ಲಾಸಿನಲ್ಲಿ ಮಾಡಿದ್ದೂ ಇದನ್ನೇ. ಒಂದು ಕಡೆ ಆ ಕಾದಂಬರಿಯ ಹಳ್ಳಿಯವ ಮಂದಣ್ಣ ಆಗಿ ಮಾತಾಡುವವರು, ಇನ್ನೊಂದು ಕಡೆ ವಿಜ್ಞಾನಿ ಕರ್ವಾಲೊ ಆಗಿ ಮಾತಾಡುವವರು. ‘ಇಷ್ಟು ಓದಿದ ವಿಜ್ಞಾನಿ ನೀವು, ಈ ಹಳ್ಳಿಯವನನ್ನು ಯಾಕೆ ಹಚ್ಚಿಕೊಂಡಿರಿ?’ ಎಂದು ಒಬ್ಬ ಕೇಳಿದರೆ, ಕರ್ವಾಲೊ ಆದವನು ತನ್ನ ಬಾಯಿಂದಲೇ ಉತ್ತರ ಕೊಡಬೇಕು. ‘ಆ ಪಾತ್ರದ ಗುಣಗಳನ್ನು ವಿವರಿಸು’ ಎಂದರೆ ಬಾಯಿ ತೆರೆಯದ ಮಗು ‘ನಾನು’ ಎಂದು ಶುರು ಮಾಡಿದರೆ ನಿಲ್ಲಿಸುವುದೇ ಕಷ್ಟ.

ಆದರೆ ಒಂದು ಕಟ್ಟು ಇರಲಿ. ಅರ್ಥಧಾರಿ ಎಷ್ಟೇ ಬೆಳೆಸಿದರೂ ಪದ್ಯ ಬಿಟ್ಟು ಹೊರಗೆ ಹೋಗುವಂತಿಲ್ಲ. ಹೋದರೆ ಮುಂದೆ ಕೂತ ಅಜ್ಜಂದಿರು ಕೆಮ್ಮಿಯೇ ತಿಳಿಸುತ್ತಾರೆ. ಮಕ್ಕಳಿಗೂ ಅಷ್ಟೇ. ಏನು ಬೇಕಾದರೂ ಹೇಳು, ಪುಸ್ತಕದಲ್ಲಿ ಎಲ್ಲಿದೆ ತೋರಿಸು. ಆಗ ನೋಡಿ, ಓದು ಕಷ್ಟ ಎನ್ನುವ ಹುಡುಗನೇ ತನ್ನ ಮಾತು ಗೆಲ್ಲಿಸಲು ಹಿಂದಿನ ಇಪ್ಪತ್ತು ಪುಟ ತಿರುವಿ ಹುಡುಕುತ್ತಾನೆ. ಯಾರೂ ಹೇಳದೆ ಎರಡನೇ ಸಲ ಓದುತ್ತಾನೆ.

ತಲೆ ತಗ್ಗಿಸುವುದಕ್ಕೆ ಒಂದು ಸಣ್ಣ ಉಪಾಯ. ಪ್ರಶ್ನೆ ಕೇಳಿದ ತಕ್ಷಣ ಉತ್ತರ ಬೇಡಬೇಡಿ. ಪಕ್ಕದವನ ಜೊತೆ ಎರಡು ನಿಮಿಷ ಮಾತಾಡಲಿ. ಆಮೇಲೆ ‘ನಿನ್ನ ಪಕ್ಕದವ ಏನು ಹೇಳಿದ?’ ಎಂದು ಕೇಳಿ. ಬೇರೆಯವರ ಮಾತು ಹೇಳಲು ಹೆದರಿಕೆ ಇರುವುದಿಲ್ಲ. ಮತ್ತೆ, ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಕಡಿಮೆ ಕೇಳಿ. ಮಕ್ಕಳು ಅದರ ವಾಸನೆ ಹಿಡಿಯುತ್ತಾರೆ.

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಗೈಡ್ ಓದಿದರೆ ಮಾರ್ಕ್ಸ್ ಬರುತ್ತದೆ. ಇಡೀ ಪುಸ್ತಕ ಓದಿಸಿ ಟೈಮ್ ಹಾಳು ಮಾಡುವುದು ಯಾಕೆ?
(ಕಾರವಾರದ ಒಬ್ಬ ತಂದೆ)

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಪ್ರಥಮ ಭಾಷೆಯ ಅಂಕ ಸಣ್ಣ ಪಾಲಲ್ಲ. ಪರೀಕ್ಷೆಯ ಹತ್ತಿರ ಗೈಡ್ ನೋಡಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲೇ ನೋಡಿರದ ಗದ್ಯ ಕೊಟ್ಟು ಉತ್ತರ ಬರೆ ಎಂದಾಗ ಗೈಡ್ ಜೊತೆಗೆ ಬರುವುದಿಲ್ಲ. ವಿಜ್ಞಾನ, ಸಮಾಜದ ದೊಡ್ಡ ಪ್ರಶ್ನೆಗಳನ್ನೂ ಅವಳು ಓದಿಯೇ ತಿಳಿಯಬೇಕು. ಈ ವರ್ಷದ ಗಡಿಬಿಡಿ ಮುಗಿಯಲಿ. ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ಒಂದು ಪುಸ್ತಕವನ್ನು ಅವಳೂ ನೀವೂ ಒಟ್ಟಿಗೆ ಓದಿ. ಸಂಜೆ ಬೀಚಿಗೆ ನಡೆಯಲು ಹೋಗುತ್ತೀರಿ ಎಂದು ಬರೆದಿದ್ದೀರಿ. ಹೋಗುವಾಗ ಅದರ ಬಗ್ಗೆ ಮಾತಾಡಿ. ನೀವು ಓದದೆ ಅವಳೊಬ್ಬಳಿಗೇ ಹೇಳಿದರೆ ಆಗುವುದಿಲ್ಲ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಪ್ರಶ್ನೆ: ಅಕ್ಕೋರೇ, ನನಗೆ 15 ವರ್ಷ. ಜೋರಾಗಿ ಓದಲು ಹೇಳಿದರೆ ತಡವರಿಸುತ್ತೇನೆ, ಕ್ಲಾಸಿನಲ್ಲಿ ನಗುತ್ತಾರೆ. ಪುಸ್ತಕ ತೆಗೆದರೆ ಹತ್ತು ಪುಟಕ್ಕೆ ಯಾರು ಯಾರು ಅಂತ ಮರೆತು ಹೋಗುತ್ತದೆ. ನನ್ನ ನೆನಪಿನ ಶಕ್ತಿಯೇ ಸರಿ ಇಲ್ಲವಾ? ಯಕ್ಷಗಾನದ ಆಟ ಇದ್ದರೆ ಮಾತ್ರ ರಾತ್ರಿಯಿಡೀ ಕೂತು ನೋಡುತ್ತೇನೆ.
(ಹೊನ್ನಾವರ ತಾಲೂಕಿನ ಒಬ್ಬ ಹುಡುಗ)

ತಮ್ಮಾ, ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಕ್ಷರ ದುಂಡಗಿದೆ. ಒಂದೂ ವಾಕ್ಯ ಅರ್ಧಕ್ಕೆ ನಿಂತಿಲ್ಲ.

ಮೊದಲು ಒಂದು ಸಂಗತಿ ತಿಳಿದುಕೋ. ನೀನು ಒಬ್ಬನೇ ಅಲ್ಲ. ದೇಶದ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಮನೆಮನೆಗೆ ಹೋಗಿ ಓದಿಸಿ ನೋಡಿದ 2023ರ ‘ಅಸರ್’ ಎಂಬ ಶಿಕ್ಷಣ ಸಮೀಕ್ಷೆಯ ವರದಿಯ ಪ್ರಕಾರ, ನಾಲ್ವರಲ್ಲಿ ಒಬ್ಬರಿಗೆ ಎರಡನೇ ಕ್ಲಾಸಿನ ಪಾಠವನ್ನೂ ತಮ್ಮ ಭಾಷೆಯಲ್ಲಿ ಸರಾಗವಾಗಿ ಓದಲು ಆಗಲಿಲ್ಲ. ನಗುವವರಲ್ಲೂ ಇಂಥವರು ಇರುತ್ತಾರೆ. ತಮ್ಮ ಸರದಿ ಬರದಿರಲಿ ಎಂದು ಅವರೂ ಬೇಡಿಕೊಳ್ಳುತ್ತಿರುತ್ತಾರೆ.

ಎರಡನೆಯದು ನಿನ್ನ ನೆನಪಿನ ಶಕ್ತಿ. ರಾತ್ರಿಯಿಡೀ ಆಟ ನೋಡುವ ನಿನಗೆ ಕೌರವನ ಕಡೆ ಯಾರು, ಪಾಂಡವರ ಕಡೆ ಯಾರು, ಯಾರು ಯಾರ ಸೋದರಮಾವ, ಎಲ್ಲ ಗೊತ್ತು. ಸರಿ ತಾನೇ? ಮಹಾಭಾರತದಷ್ಟು ಪಾತ್ರ ಯಾವ ಕಾದಂಬರಿಯಲ್ಲಿಯೂ ಇಲ್ಲ. ಆಟದಲ್ಲಿ ನೆನಪಿರುವುದು ಯಾಕೆ ಹೇಳು? ಪ್ರತಿಯೊಬ್ಬನಿಗೂ ವೇಷ ಇದೆ, ಬಣ್ಣ ಇದೆ, ರಂಗಕ್ಕೆ ಬರುವ ಒಂದು ರೀತಿ ಇದೆ. ಪುಸ್ತಕದಲ್ಲಿ ಬರೀ ಹೆಸರು ಬರುತ್ತದೆ. ಅದಕ್ಕೆ ವೇಷ ಕಟ್ಟುವ ಕೆಲಸ ನಿನ್ನದು.

ಹಳೆಯ ಲಗ್ನಪತ್ರಿಕೆಯ ಹಿಂದುಗಡೆಯನ್ನು ಬೆರಳುದ್ದಕ್ಕೆ ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೋ. ಯಾರಾದರೂ ಹೊಸಬರು ಬಂದರೆ ಹೆಸರು ಬರೆ, ಪಕ್ಕದಲ್ಲಿ ಒಂದೇ ಗುರುತು ಬರೆ. ‘ಜೇನಿನವನು.’ ‘ಕೆಮ್ಮುವ ಅಜ್ಜಿ.’ ‘ಸಾಲ ಕೊಟ್ಟವ.’ ನಿನ್ನ ಊರಿನ ಯಾರ ಹಾಗಾದರೂ ಕಂಡರೆ ಅದನ್ನೂ ಬರೆ. ನನ್ನ ಜಗಲಿಯ ಒಬ್ಬ ಹುಡುಗ ಹೆಸರಿನ ಬದಲು ಮೀಸೆ, ಕನ್ನಡಕ, ಟೋಪಿ ಮಾತ್ರ ಬಿಡಿಸುತ್ತಾನೆ. ಅವನಿಗೆ ಅಷ್ಟೇ ಸಾಕಾಗುತ್ತದೆ. ಮರುದಿನ ಪುಸ್ತಕ ತೆಗೆದಾಗ ಮೊದಲು ಆ ಚೀಟಿ ಓದು, ಆಮೇಲೆ ಮುಂದಕ್ಕೆ ಹೋಗು. ದಿನಾ ಓದು, ಒಂದು ದಿನವೂ ಬಿಡಬೇಡ. ನಾಲ್ಕು ದಿನ ಬಿಟ್ಟರೆ ಯಾರಿಗಾದರೂ ಮರೆಯುತ್ತದೆ, ನನಗೂ.

ಜೋರಾಗಿ ಓದುವುದನ್ನು ಮನೆಯಲ್ಲಿ ಅಭ್ಯಾಸ ಮಾಡು, ಒಂದೇ ಪುಟವನ್ನು ಹಲವು ಸಲ. ಭಾಗವತರೂ ಹಾಗೆಯೇ ಕಲಿತದ್ದು. ನಿನ್ನ ಮಾಸ್ತರಿಗೋ ಅಕ್ಕೋರಿಗೋ ಒಂದು ಚೀಟಿ ಬರೆದು ಕೊಡು: ‘ಓದಿಸುವುದಿದ್ದರೆ ಹಿಂದಿನ ದಿನವೇ ಹೇಳಿ, ತಯಾರಾಗಿ ಬರುತ್ತೇನೆ.’ ಅಷ್ಟು ಚಂದ ಕಾಗದ ಬರೆಯುವವನು ಇದನ್ನೂ ಬರೆಯಬಲ್ಲೆ.

ನಿಮ್ಮ ಪಂಚಾಯತಿ ಗ್ರಂಥಾಲಯದಲ್ಲಿ ‘ಕರ್ವಾಲೊ’ ಇದೆಯಾ ಕೇಳು. ಕೊನೆಗೆ ಏನಾಗುತ್ತದೆ ಎಂದು ಮೇಲಿನ ಉತ್ತರದಲ್ಲಿ ನಾನು ಬೇಕೆಂದೇ ಬರೆಯಲಿಲ್ಲ, ನೀನು ಓದಲಿ ಎಂದು. ಓದಿದ ಮೇಲೆ ನನಗೆ ಬರೆ. ಯಾವ ಪುಟದಲ್ಲಿ ನಿಲ್ಲಿಸಬೇಕು ಅನಿಸಿತು, ಯಾವ ಪುಟದಲ್ಲಿ ನಿಲ್ಲಿಸಲು ಆಗಲಿಲ್ಲ, ಪುಟದ ಸಂಖ್ಯೆ ಸಮೇತ ಬೇಕು. ನಿನ್ನ ಚೀಟಿಯನ್ನೂ ಅದರೊಳಗೆ ಇಟ್ಟು ಕಳಿಸು. ಮಂದಣ್ಣನಿಗೆ ನೀನು ಎಂಥ ವೇಷ ಕಟ್ಟಿದ್ದೀಯ ನೋಡಬೇಕು.